ಚಳಿಗೆ ಕೂಗುವ ಪ್ರೊಜೆಕ್ಟರ್

ಡಿಸೆಂಬರ್ ಬಂತೆಂದರೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಿಕ್ಕಮಗಳೂರಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವನಿಗೆ ಅರೇಬಿಕಾ ಕಾಫಿ ಕೊಯ್ಲು ಅಂದರೆ ಸುಗ್ಗಿಯೂ ಹೌದು, ಶಿಕ್ಷೆಯೂ ಹೌದು. ಒಬ್ಬರ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್) ಮೋಟಾರ್ ಸುಟ್ಟಿರುತ್ತದೆ, ಇನ್ನೊಬ್ಬರ ಪಂಪು ನೀರೆತ್ತುತ್ತಿರುವುದಿಲ್ಲ. ಎಲ್ಲರಿಗೂ ಇವತ್ತೇ ಬೇಕು. ಕೊಯ್ದ ಹಣ್ಣು ಕಾಯುವುದಿಲ್ಲವಲ್ಲ.

ಇಂಥ ಒಂದು ಸಂಜೆ ಆಲ್ದೂರು ಕಡೆಯ ತೋಟದವರೊಬ್ಬರು ಜೀಪಿನ ಹಿಂಭಾಗದಿಂದ ಹಸಿರು ಪೆಟ್ಟಿಗೆಯೊಂದನ್ನು ಇಳಿಸಿದರು. ಇಬ್ಬರು ಹಿಡಿಯುವಷ್ಟು ಭಾರ.

"ಇದು ಕೂಗ್ತದೆ" ಅಂದರು.

"ಏನಿದು?"

"ಪ್ರೊಜೆಕ್ಟರ್. ನಮ್ಮಜ್ಜನ ಕಾಲದ್ದು. ಬೆಲ್ಟ್ ಕೂಗ್ತದೆ. ನಿಮಗೆ ಬೆಲ್ಟ್ ಗೊತ್ತಲ್ಲ."

ಬೆಲ್ಟ್ ಗೊತ್ತು, ನಿಜ. ಪಲ್ಪರಿನ ವಿ-ಬೆಲ್ಟ್ ಎ ಸೆಕ್ಷನ್ನೋ ಬಿ ಸೆಕ್ಷನ್ನೋ ಅಂತ ಕತ್ತಲಲ್ಲಿ ಮುಟ್ಟಿ ಹೇಳುತ್ತೇನೆ. ಆದರೆ ಪ್ರೊಜೆಕ್ಟರ್ ಬಿಚ್ಚಿದ್ದು ಜೀವನದಲ್ಲಿ ಎರಡೇ ಸಲ. ಅದನ್ನೇ ಹೇಳಿದೆ. ಅವರು ಬಿಡಲಿಲ್ಲ. ಕೊಯ್ಲು ಮುಗಿದ ಮೇಲೆ ಕಣದಲ್ಲಿ ಆಳುಕಾಳು, ನೆಂಟರು ಎಲ್ಲರನ್ನೂ ಕೂರಿಸಿ ಸಿನಿಮಾ ತೋರಿಸಬೇಕಂತೆ. ಹೋಗುವಾಗ ಇನ್ನೊಂದು ಮಾತು ಸೇರಿಸಿದರು: "ಅಜ್ಜ ಶೋ ಶುರು ಮಾಡೋ ಮುಂಚೆ ಇದನ್ನ ಬಚ್ಚಲೊಲೆ ಹತ್ತಿರ ಅರ್ಧ ಗಂಟೆ ಇಡ್ತಿದ್ದರಂತೆ. ಅಜ್ಜಿ ಈಗ್ಲೂ ಹೇಳ್ತಾರೆ, ಒಲೆ ಹತ್ರ ಇಡಿ ಸರಿಹೋಗುತ್ತೆ ಅಂತ." ನಾನು ನಕ್ಕೆ. ಮಲೆನಾಡಿನ ಥಂಡಿ, ತೇವ ಹಿಡಿಯದಿರಲಿ ಅಂತ ಇಡುತ್ತಿದ್ದಿರಬೇಕು ಅಂದುಕೊಂಡು ಮರೆತೂಬಿಟ್ಟೆ.

ಇದು 16 ಎಂ.ಎಂ. ಪ್ರೊಜೆಕ್ಟರ್. ಟಾಕೀಸಿನಲ್ಲಿದ್ದ 35 ಎಂ.ಎಂ. ಮಿಷನ್ನಿಗೆ ಇದು ತಮ್ಮನಿದ್ದ ಹಾಗೆ. ಕೊಡಾಕ್ ಕಂಪನಿ 16 ಎಂ.ಎಂ. ಫಿಲ್ಮನ್ನು 1923ರಲ್ಲಿ ತಂದಾಗ ಅದು ಮನೆಯಲ್ಲಿ ಸಿನಿಮಾ ತೆಗೆಯುವವರಿಗೆ ಅಂತ ಇತ್ತು. ಆಮೇಲೆ ಶಾಲೆ, ಕ್ಲಬ್ಬು, ಸರ್ಕಾರದ ಪ್ರಚಾರದ ವ್ಯಾನು ಎಲ್ಲ ಕಡೆಗೂ ಹೋಯಿತು. ಹಳ್ಳಿಯಲ್ಲಿ ಬಿಳಿ ಪರದೆ ಕಟ್ಟಿ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರ ತೋರಿಸುತ್ತಿದ್ದುದು ನಮ್ಮ ಹಿಂದಿನ ತಲೆಮಾರಿಗೆ ಚೆನ್ನಾಗಿ ನೆನಪಿದೆ. ಟಾಕೀಸಿನಲ್ಲಿ ಮಿಷನ್ನಿಗೆ ಬೇರೆ ಕ್ಯಾಬಿನ್ ಇರುತ್ತದೆ, ಅದು ಎಷ್ಟು ಕಿರುಚಿದರೂ ನಮಗೆ ಕೇಳುವುದಿಲ್ಲ. 16 ಎಂ.ಎಂ. ಹಾಗಲ್ಲ. ಅದು ನಮ್ಮ ಮಧ್ಯೆಯೇ ಕೂತು ಸಿನಿಮಾ ತೋರಿಸುತ್ತದೆ. ಬೆಲ್ಟ್ ಕೂಗಿದರೆ ನಾಯಕನ ಮಾತಿಗಿಂತ ಅದೇ ಜಾಸ್ತಿ ಕೇಳಿಸುತ್ತದೆ.

ಮೊದಲ ರಾತ್ರಿ

ಫಿಲ್ಮ್ ಹಾಕದೆ, ಲ್ಯಾಂಪ್ ಹಚ್ಚದೆ, ಬರೀ ಮೋಟಾರ್ ಓಡಿಸಿದೆ. ಹಳೇ ಮಿಷನ್ನಿಗೆ ಮೊದಲ ಸಲವೇ ಫಿಲ್ಮ್ ಹಾಕುವುದು ತಪ್ಪು. ಎಲ್ಲಾದರೂ ಹಿಡಿದರೆ ಫಿಲ್ಮಿನ ಅಂಚಿನಲ್ಲಿ ಹಲ್ಲು ಕೂರುವ ತೂತು ಹರಿದುಹೋಗುತ್ತದೆ, ಆ ರೀಲ್ ಮತ್ತೆ ಸಿಗುವುದಿಲ್ಲ.

ಸ್ವಿಚ್ ತಿರುಗಿಸಿದ್ದೇ ತಡ, ಪಕ್ಕದ ಬೇಕರಿಯವನು ಇಣುಕಿ ನೋಡಿದ. ಕಿಯ್ಯ್ ಅಂತ ಒಂದೇ ಸಮನೆ ಕಿರುಚು. ಅದರ ಕೆಳಗೆ ತಟ್ ತಟ್ ತಟ್ ಅಂತ ಇನ್ನೊಂದು. ಅದರ ಜೊತೆಗೆ ಹೊಲಿಗೆ ಮಿಷನ್ ಓಡಿದ ಹಾಗೆ ಟರ್‍ರ್ ಅನ್ನುವ ಮೂರನೆಯದು. ಮೂರನ್ನೂ ಸೇರಿಸಿ "ಬೆಲ್ಟ್ ಸದ್ದು" ಅಂದುಬಿಟ್ಟರೆ ಕೆಲಸ ಕೆಡುತ್ತದೆ. ಬೇರೆ ಬೇರೆ ಮಾಡಿ ಕೇಳಬೇಕು.

ಟರ್‍ರ್ ಅನ್ನುವುದು ರೋಗವೇ ಅಲ್ಲ. ಫಿಲ್ಮನ್ನು ಒಂದೊಂದೇ ಚಿತ್ರ ಕೆಳಗೆಳೆಯುವ ಕೊಕ್ಕೆಯ ಸದ್ದು ಅದು. ಸೆಕೆಂಡಿಗೆ 24 ಸಲ ಎಳೆಯಬೇಕು, ಸದ್ದು ಬಂದೇ ಬರುತ್ತದೆ. ಹಿಂದೊಮ್ಮೆ ಒಬ್ಬರು ಅದನ್ನೇ ನಿಲ್ಲಿಸಿಕೊಡಿ ಅಂತ ಕೇಳಿದ್ದರು. ಅದು ನಿಂತರೆ ಸಿನಿಮಾನೂ ನಿಲ್ಲುತ್ತದೆ ಸ್ವಾಮಿ ಅಂದಿದ್ದೆ.

ತಟ್ ತಟ್ ಅನ್ನುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ನಿಧಾನ ಮಾಡಿ ಎಣಿಸಿದೆ. 10 ಸೆಕೆಂಡಿಗೆ ಸುಮಾರು 60. ಅಂದರೆ ಸೆಕೆಂಡಿಗೆ 6. ಈ ಲೆಕ್ಕ ಬಹಳ ಉಪಯೋಗದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೋಟಾರಿನ ಪ್ಲೇಟಿನ ಮೇಲೆ 2800 ಆರ್‌ಪಿಎಂ ಅಂತ ಇತ್ತು, ಅಂದರೆ ಸೆಕೆಂಡಿಗೆ 46 ಸುತ್ತಿನ ಮೇಲೆ. ಕೊಕ್ಕೆಯನ್ನು ಓಡಿಸುವ ಮುಖ್ಯ ಶಾಫ್ಟ್ ಸೆಕೆಂಡಿಗೆ 24 ಸುತ್ತು. ಮೋಟಾರಿನಲ್ಲಿ ದೋಷವಿದ್ದರೆ ಸದ್ದು ಸೆಕೆಂಡಿಗೆ 46 ಸಲ ಬರಬೇಕು, ಕಿವಿಗೆ ಅದು ಬರೀ ಗುಂಯ್ ಅಂತ ಕೇಳುತ್ತದೆ. ಶಾಫ್ಟಿನದ್ದಾದರೆ 24. ಇನ್ನು ಬೆಲ್ಟು. ಮೋಟಾರ್ ಪುಲ್ಲಿಯ ವ್ಯಾಸ 16 ಮಿ.ಮೀ. ಇತ್ತು. ಅದು ಒಂದು ಸುತ್ತಿಗೆ 50 ಮಿ.ಮೀ. ಬೆಲ್ಟ್ ಎಳೆಯುತ್ತದೆ, ಸೆಕೆಂಡಿಗೆ 2.3 ಮೀಟರ್ ಚಿಲ್ಲರೆ. ಬೆಲ್ಟಿನ ದಾರಿ 392 ಮಿ.ಮೀ. ಭಾಗಿಸಿದರೆ ಸೆಕೆಂಡಿಗೆ ಹೆಚ್ಚುಕಮ್ಮಿ 6 ಸುತ್ತು. ಹಾಗಾಗಿ ತಟ್ ತಟ್ ಬೆಲ್ಟಿನದ್ದೇ. ಬೆಲ್ಟಿನ ಮೇಲೆ ಎಲ್ಲೋ ಒಂದು ಕಡೆ ಚಪ್ಪಟೆ ಬಿದ್ದಿದೆ, ಆ ಜಾಗ ಪುಲ್ಲಿ ಹತ್ತಿದಾಗೆಲ್ಲ ಬಡಿಯುತ್ತದೆ.

ಕಿಯ್ಯ್ ಅನ್ನುವುದಕ್ಕೆ ಇಂಥ ಲೆಕ್ಕ ಇಲ್ಲ. ಒಂದೇ ಸಮನೆ ಕಿರುಚಿದರೆ ಯಾವುದೋ ಒಂದು ಇನ್ನೊಂದರ ಮೇಲೆ ಜಾರುತ್ತಿದೆ ಅಂತ ಅರ್ಥ. ಏನು ಯಾವುದರ ಮೇಲೆ ಅನ್ನುವುದೇ ಪ್ರಶ್ನೆ. ಆ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ. ಬೆಲ್ಟ್ ಹಳೇದು, ಗಾಜಿನ ಹಾಗೆ ಹೊಳೆಯುತ್ತಿದೆ, ಜಾರುತ್ತಿದೆ, ಮುಗೀತು ಅಂದುಕೊಂಡೆ.

ಹಿಂದಿನ ಮುಚ್ಚಳ ತೆಗೆದೆ. ಪ್ಲಗ್ ಕಿತ್ತ ಮೇಲೆ ಮೋಟಾರಿನ ಕೆಪಾಸಿಟರನ್ನು ಮೊದಲು ಡಿಸ್ಚಾರ್ಜ್ ಮಾಡಿ, ಅದನ್ನು ಮರೆಯಬೇಡಿ. ಏನನ್ನೂ ಮುಟ್ಟುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಬೆಲ್ಟ್ ಯಾವ ಪುಲ್ಲಿಯ ಮೇಲಿಂದ ಹೋಗಿ ಯಾವುದರ ಕೆಳಗಿಂದ ಬರುತ್ತದೆ ಅಂತ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರೆಲ್ಲ ಸುಳ್ಳು ಹೇಳುತ್ತಾರೆ.

ಒಳಗೆ ಮೂರು ಬೆಲ್ಟ್. ಮೋಟಾರಿನಿಂದ ಮುಖ್ಯ ಶಾಫ್ಟಿಗೆ 4 ಮಿ.ಮೀ. ದಪ್ಪದ ಗುಂಡನೆಯ ರಬ್ಬರ್ ಬೆಲ್ಟು. ಅದರ ದಾರಿಯಲ್ಲಿ ಸ್ಪ್ರಿಂಗ್ ಕೊಟ್ಟ ಒಂದು ಸಣ್ಣ ಐಡ್ಲರ್ ಪುಲ್ಲಿ, ಬೆಲ್ಟನ್ನು ಬಿಗಿಯಾಗಿಡಲು. ಕೆಳಗಿನ ರೀಲ್ ಸುತ್ತಲು ತಂತಿಯ ಸ್ಪ್ರಿಂಗ್ ಬೆಲ್ಟು. ರೀಲನ್ನು ವಾಪಸ್ ಸುತ್ತಲು ಇನ್ನೊಂದು ತೆಳು ಬೆಲ್ಟ್ ಇತ್ತು. ಇತ್ತು ಅನ್ನಬೇಕಷ್ಟೆ. ಈಗ ಅಲ್ಲಿರುವುದು ಬೆಲ್ಲದ ಪಾಕ. ಬೆರಳಿಟ್ಟು ಎತ್ತಿದರೆ ಕಪ್ಪಗೆ ಒಂದೆಳೆ ಪಾಕದ ಹಾಗೆ ನೂಲು ಬಂತು. ಕೆಲವು ಹಳೇ ಬೆಲ್ಟುಗಳ ಕಥೆಯೇ ಇಷ್ಟು. ವರ್ಷಗಟ್ಟಲೆ ತೇವದ ಗಾಳಿ ಕುಡಿದು ಒಳಗೊಳಗೇ ಕರಗುತ್ತವೆ. ನಮ್ಮ ಮಳೆಗಾಲದ ನಾಲ್ಕು ತಿಂಗಳು ಸಾಕು ಅವುಗಳ ಆಯಸ್ಸು ತಿನ್ನಲು.

ಪಾಕ ತೆಗೆಯಲು ಒಂದು ಗಂಟೆ ಬೇಕಾಯಿತು. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಬನಿಯನ್ ಬಟ್ಟೆ, ಹಲ್ಲುಕಡ್ಡಿ. ಸೀಮೆಎಣ್ಣೆ ಹಾಕಿದರೂ ಬಿಡುತ್ತದೆ, ಆದರೆ ಪುಲ್ಲಿಯ ಮೇಲೆ ಎಣ್ಣೆ ಪಸೆ ಉಳಿಯುತ್ತದೆ, ಹೊಸ ಬೆಲ್ಟ್ ಜಾರುತ್ತದೆ. ಥಿನ್ನರ್, ಅಸಿಟೋನ್ ಬೇಡವೇ ಬೇಡ. ಪ್ಲಾಸ್ಟಿಕ್ ಪುಲ್ಲಿ ಬಿರುಕು ಬಿಡುತ್ತದೆ.

ದೊಡ್ಡ ಬೆಲ್ಟ್ ಕೈಗೆ ಬಂದಾಗ ತಟ್ ತಟ್ ಯಾಕೆ ಅಂತ ಕಣ್ಣಿಗೇ ಕಂಡಿತು. ಬಿಟ್ಟರೆ ಗುಂಡಗೆ ಬೀಳಬೇಕಾದ್ದು ಕೋಡುಬಳೆ ಮುರಿದ ಹಾಗೆ ಸೊಟ್ಟಗೆ ನಿಂತಿತ್ತು. ಮೋಟಾರ್ ಪುಲ್ಲಿಯನ್ನು ಅಪ್ಪಿಕೊಂಡು ಕೂತಿದ್ದ ಜಾಗದಲ್ಲಿ ಅದೇ ಆಕಾರಕ್ಕೆ ಗಟ್ಟಿಯಾಗಿಬಿಟ್ಟಿತ್ತು. ಉಗುರು ಒತ್ತಿದರೆ ಗುರುತೇ ಬೀಳಲಿಲ್ಲ.

ಪಂಪು ಕೆಲಸಕ್ಕೆ ಅಂತ ನನ್ನ ಹತ್ತಿರ ಓ-ರಿಂಗ್ ಡಬ್ಬ ಇದೆ, ನೀರು ಸೋರದ ಹಾಗೆ ಹಾಕುವ ರಬ್ಬರ್ ಬಳೆಗಳು. ಅದರಲ್ಲಿ 5 ಮಿ.ಮೀ. ದಪ್ಪದ ಒಂದು ಸುಮಾರಾಗಿ ಕೂತಿತು. 4 ಇರಲಿಲ್ಲ. ಒಂದು ಮಿ.ಮೀ. ತಾನೇ ಅಂತ ಹಾಕಿ ಓಡಿಸಿದೆ. ತಟ್ ತಟ್ ಹೋಯಿತು. ಕಿಯ್ಯ್ ಹಾಗೇ ಇತ್ತು.

ಪೆಟ್ಟಿಗೆಯ ತಳದಲ್ಲಿ ಬೇಸಾಯದ ಬಗ್ಗೆ ಒಂದು ಸಾಕ್ಷ್ಯಚಿತ್ರದ ರೀಲ್ ಇತ್ತು. ಮೂಸಿ ನೋಡಿದೆ. ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ. ಇದಕ್ಕೆ ಬರಲಿಲ್ಲ. ಹಾಕಿ ಓಡಿಸಿದಾಗ ಹಿನ್ನೆಲೆಯ ಕೊಳಲು ಸ್ವಲ್ಪ ಏರಿದ ಹಾಗೆ ಕೇಳಿತು. ಕಿವಿಯ ಭ್ರಮೆಯೋ ಏನೋ ಅಂತ ಅಳೆದು ನೋಡಿದೆ. 16 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 40 ಚಿತ್ರ. ಸೆಕೆಂಡಿಗೆ 24ರ ಲೆಕ್ಕದಲ್ಲಿ ನಿಮಿಷಕ್ಕೆ 36 ಅಡಿ ಓಡಬೇಕು. ಖಾಲಿ ಲೀಡರ್ ಫಿಲ್ಮಿನ ಮೇಲೆ 36 ಅಡಿಗೆ ಎರಡು ಗುರುತು ಹಾಕಿ ಓಡಿಸಿ ಗಡಿಯಾರ ನೋಡಿದೆ. 58 ಸೆಕೆಂಡ್ ಚಿಲ್ಲರೆ! ಭ್ರಮೆ ಅಲ್ಲ. ಬೆಲ್ಟ್ ಒಂದು ಮಿ.ಮೀ. ಹೆಚ್ಚು ದಪ್ಪವಾದರೆ ಅದರ ನಡುಭಾಗ ಪುಲ್ಲಿಯಿಂದ ಅರ್ಧ ಮಿ.ಮೀ. ಮೇಲೆ ಕೂರುತ್ತದೆ. 16ರ ಪುಲ್ಲಿ 17ರ ಹಾಗೆ, ಮುಖ್ಯ ಶಾಫ್ಟಿನ 31ರ ಪುಲ್ಲಿ 32ರ ಹಾಗೆ ಕೆಲಸ ಮಾಡುತ್ತದೆ. ಚಿಕ್ಕದಕ್ಕೆ ಸಿಕ್ಕ ಲಾಭ ಜಾಸ್ತಿ. ಒಟ್ಟು ವೇಗ ಸುಮಾರು 3 ಪರ್ಸೆಂಟ್ ಏರುತ್ತದೆ, ಸಂಗೀತದಲ್ಲಿ ಅರ್ಧ ಸ್ವರಸ್ಥಾನದಷ್ಟು. ಪಲ್ಪರಿಗೆ ಇದು ಯಾವ ಲೆಕ್ಕವೂ ಅಲ್ಲ. ಕೊಳಲಿಗೆ ಲೆಕ್ಕ.

(ಇದರ ಅಣ್ಣನಂಥ ತೊಂದರೆ ಅಮೆರಿಕದಿಂದ ಬಂದ ಇಂಥ ಮೋಟಾರಿನ ಮಿಷನ್ನುಗಳದ್ದು. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಪುಲ್ಲಿ ಬದಲಿಸದೆ ಇಲ್ಲಿ ಓಡಿಸಿದರೆ 24ರ ಬದಲು 20 ಚಿತ್ರ. ಎಲ್ಲರೂ ನಿದ್ದೆಗಣ್ಣಲ್ಲಿ ಮಾತಾಡಿದ ಹಾಗೆ ಕೇಳುತ್ತದೆ.)

ಅಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಪ್ರೊಜೆಕ್ಟರನ್ನು ಎತ್ತಿ, ವಾರ್ನಿಷ್ ಒಣಗಿಸುವ ಓವನ್ ಪಕ್ಕದ ಶೆಲ್ಫಿನಲ್ಲಿಟ್ಟು ಮನೆಗೆ ಹೋದೆ. ಬೇರೆಲ್ಲೂ ಜಾಗ ಇರಲಿಲ್ಲ.

ಬೆಸುಗೆ

ಓ-ರಿಂಗ್ ಬೆಲ್ಟಿನ ಕೆಲಸಕ್ಕೆ ಮಾಡಿದ್ದಲ್ಲ. ಸುತ್ತಲೂ ಅಚ್ಚಿನ ಗೆರೆ ಇರುತ್ತದೆ, ಬಿಗಿ ಬೇಗ ಹೋಗುತ್ತದೆ. ನಾಲ್ಕು ದಿನ ಬಿಟ್ಟು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಹುಡುಗನ ಕೈಲಿ 4 ಮಿ.ಮೀ. ಪಾಲಿಯುರಿಥೇನ್ ಗುಂಡು ಬೆಲ್ಟ್ ಎರಡು ಮೀಟರ್ ತರಿಸಿದೆ. ನಾವು ಪಿಯು ಬೆಲ್ಟ್ ಅನ್ನುತ್ತೇವೆ. ಹಗ್ಗದ ಹಾಗೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಬೇಕಾದ ಅಳತೆಗೆ ಕತ್ತರಿಸಿ ನಾವೇ ಬೆಸೆದುಕೊಳ್ಳಬೇಕು.

ಅಳತೆಗೆ ಹಳೇ ಬೆಲ್ಟ್ ನಂಬಬೇಡಿ. ಅದು ಹಿಗ್ಗಿಯೂ ಇರಬಹುದು, ಕುಗ್ಗಿಯೂ ಇರಬಹುದು. ಹೂ ಕಟ್ಟುವ ದಾರವನ್ನು ಬೆಲ್ಟಿನ ದಾರಿಯಲ್ಲೇ ಸುತ್ತಿ, ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ ಸ್ಕೇಲಿಗೆ ಹಿಡಿದೆ. 392 ಬಂದಿದ್ದು ಹಾಗೆ. ಅದರಲ್ಲಿ 6 ಪರ್ಸೆಂಟ್ ಕಮ್ಮಿ ಮಾಡಿ 368ಕ್ಕೆ ಕತ್ತರಿಸಿದೆ. ಎಳೆದು ಹಾಕಿದಾಗ ಬಿಗಿ ಬರುವುದು ಆ 24 ಮಿ.ಮೀ.ಯಿಂದ. ಇನ್ನೂ ಬಿಗಿ ಮಾಡಿದರೆ ಜಾರುವುದಿಲ್ಲ ಅಲ್ವಾ ಅಂತ ಅನ್ನಿಸುತ್ತದೆ. ಜಾರುವುದಿಲ್ಲ, ಆದರೆ ಮೋಟಾರಿನ ಬುಷ್, ಅಂದರೆ ಶಾಫ್ಟ್ ತಿರುಗುವ ಲೋಹದ ಬಳೆ, ಒಂದೇ ಕಡೆ ಸವೆದು ಮೊಟ್ಟೆಯಾಕಾರ ಆಗುತ್ತದೆ. ಅತಿ ಬಿಗಿ ಬೆಲ್ಟಿನಿಂದ ಕೆಟ್ಟ ಮೋಟಾರುಗಳೇ ನನ್ನ ಅರ್ಧ ಸಂಸಾರ ನಡೆಸುತ್ತಿವೆ.

ಬೆಸುಗೆಗೆ ಅಂಗಡಿಯಲ್ಲಿ ಬಿದ್ದಿದ್ದ ಕಬ್ಬಿಣದ ಎಲ್ ಆ್ಯಂಗಲ್ ತುಂಡು ತೆಗೆದುಕೊಂಡೆ. ಅದರ ಮೂಲೆಯಲ್ಲಿ ಎರಡು ತುದಿಯನ್ನೂ ಎದುರುಬದುರು ಮಲಗಿಸಿದರೆ ತಾನಾಗಿಯೇ ಒಂದೇ ಸಾಲಿಗೆ ಬರುತ್ತವೆ. ಬ್ಲೇಡಿನಿಂದ ತುದಿಗಳನ್ನು ನೇರ ಕತ್ತರಿಸಿದೆ. ಹಳೇ ಪೇಪರ್ ಕಟರ್ ಬ್ಲೇಡನ್ನು ಸೋಲ್ಡರಿಂಗ್ ಐರನ್ನಿಗೆ ತಂತಿಯಿಂದ ಕಟ್ಟಿ ಕಾಯಿಸಿದೆ. ಬಿಸಿ ಬ್ಲೇಡನ್ನು ನಡುವೆ ಇಟ್ಟು ಎರಡು ಕಡೆಯಿಂದ ತುದಿ ತಾಗಿಸಿ ಹಿಡಿದರೆ ಅಂಚಿನಲ್ಲಿ ತುಪ್ಪದ ಹಾಗೆ ಒಂದು ಸಣ್ಣ ಉಬ್ಬು ಏಳುತ್ತದೆ. ಆಗ ಬ್ಲೇಡನ್ನು ಸರ್ರನೆ ಮೇಲಕ್ಕೆಳೆದು ಎರಡೂ ತುದಿ ಒತ್ತಬೇಕು. ಒತ್ತಿ ಉಸಿರು ಬಿಗಿಹಿಡಿದು ಕೂರಬೇಕು. ಕೈ ಅಲುಗಿದರೆ ಮುಗಿಯಿತು.

ಮೊದಲನೆಯದು ಕಂದು ಬಣ್ಣಕ್ಕೆ ತಿರುಗಿ ಹೊಗೆಯಾಡಿತು. ಬ್ಲೇಡ್ ಜಾಸ್ತಿ ಕಾದಿತ್ತು. ಆ ಹೊಗೆ ಒಳ್ಳೆಯದಲ್ಲ, ಬಾಗಿಲು ತೆಗೆದಿಟ್ಟುಕೊಳ್ಳಿ. ಎರಡನೆಯದು ತಣ್ಣಗಾಗುವ ಮುಂಚೆ ಎಳೆದು ನೋಡಿದೆ, ಪಟ್ ಅಂತ ಬಿಟ್ಟಿತು. ಮೂರನೆಯದನ್ನು ಒತ್ತಿಟ್ಟು, ಮುಟ್ಟದೆ, ಎದುರಿನ ಹೋಟೆಲ್ಲಿಗೆ ಹೋಗಿ ಕಾಫಿ ಕುಡಿದು ಬಂದೆ. ಅದು ಹಿಡಿಯಿತು. ಉಗುರು ಕತ್ತರಿಯಿಂದ ಉಬ್ಬನ್ನು ಸುತ್ತಲೂ ತೆಗೆದು ನುಣ್ಣಗೆ ಮರಳುಕಾಗದ ಉಜ್ಜಿದೆ. ಉಬ್ಬು ಉಳಿದರೆ ಮತ್ತೆ ಸೆಕೆಂಡಿಗೆ ಆರು ಸಲ ಟಿಕ್ ಟಿಕ್. ಬೆಸುಗೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಬೆರಳಿಗೆ ತಿಳಿದರೆ ಪುಲ್ಲಿಗೂ ತಿಳಿಯುತ್ತದೆ.

ಹಾಕುವ ಮುಂಚೆ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಅಂತ ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು ನೋಡಿದೆ. ಮೋಟಾರ್ ಕೂತಿರುವ ರಬ್ಬರ್ ಬುಡಗಳು ಕುಸಿದು ಮೋಟಾರ್ ಒಂದೂವರೆ ಮಿ.ಮೀ. ಕೆಳಗಿಳಿದಿತ್ತು. ವಾಷರ್ ಕೊಟ್ಟು ಎತ್ತಿದೆ.

ಬೆಲ್ಟ್ ಹಾಕಿ ಸ್ವಿಚ್ ಒತ್ತಿದೆ. ಟರ್‍ರ್ ಅನ್ನುವ ಕೊಕ್ಕೆಯ ಸದ್ದು, ಅಷ್ಟೇ. ಕಿಯ್ಯ್ ಇಲ್ಲ, ತಟ್ ಇಲ್ಲ. 36 ಅಡಿಗೆ 60 ಸೆಕೆಂಡ್. ಪಿಯು ಬೆಲ್ಟೇ ಬೆಲ್ಟು ಅಂತ ಹುಡುಗನಿಗೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಮಾರನೇ ದಿನ ಜೀಪು ಬಂತು, ಪೆಟ್ಟಿಗೆ ಹೋಯಿತು.

ಫೋನು

ಅದರ ಮರುದಿನ ಬೆಳಿಗ್ಗೆ ಏಳಕ್ಕೆ ಫೋನು. ಅವರು ಮಾತಾಡಲೇ ಇಲ್ಲ, ಸುಮ್ನೆ ಫೋನನ್ನು ಪ್ರೊಜೆಕ್ಟರ್ ಹತ್ತಿರ ಹಿಡಿದರು. ಕಿಯ್ಯ್!

ತರಿಸಿಕೊಂಡೆ. ಹನ್ನೊಂದು ಗಂಟೆಗೆ ಬಂತು. ಒಂದು ಪಲ್ಪರ್ ಕೆಲಸ ಮುಗಿಸಿ ಮಧ್ಯಾಹ್ನ ಮೂರಕ್ಕೆ ಓಡಿಸಿದರೆ ಉಸಿರೇ ಇಲ್ಲ. ಅಮ್ಮನ ಹತ್ತಿರ ಅತ್ತು ರಂಪ ಮಾಡುವ ಮಗು ಡಾಕ್ಟರ ಮುಂದೆ ನಗುತ್ತದಲ್ಲ, ಹಾಗೆ. ವಾಪಸ್ ಕಳಿಸಿದೆ. ಬೆಳಿಗ್ಗೆ ಮತ್ತೆ ಫೋನು. "ನಿಮ್ಮ ಅಂಗಡೀಲೇ ಸಿನಿಮಾ ತೋರಿಸೋಣ ಬಿಡಿ" ಅಂದರು. ನಗುತ್ತಲೇ ಅಂದರು, ಆದರೂ ಚುಚ್ಚಿತು.

ಚಳಿಗೆ ಪಿಯು ಬೆಲ್ಟ್ ಸೆಟೆದುಕೊಳ್ಳುತ್ತಿದೆ ಅಂತ ತೀರ್ಮಾನಿಸಿದೆ. ಪಿಯು ಚಳಿಗೆ ಸ್ವಲ್ಪ ಗಟ್ಟಿಯಾಗುವುದು ನಿಜ. ಆದರೆ ಚಿಕ್ಕಮಗಳೂರಿನ ಚಳಿಗೆ ಹೀಗೆ ಕಿರುಚುವಷ್ಟೇನೂ ಅಲ್ಲ. ಅದು ಗೊತ್ತಿದ್ದೂ ಬೆಲ್ಟಿನ ಮೇಲೇ ಅನುಮಾನ. ಬೆಲ್ಟ್ ಕೂಗುತ್ತದೆ ಅಂತ ಮೊದಲ ದಿನ ಅವರು ಹೇಳಿದ ಮಾತು ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು.

ಭಾನುವಾರ ಐದೂವರೆಗೆ ಬೈಕ್ ಹತ್ತಿ ಆಲ್ದೂರು ರಸ್ತೆ ಹಿಡಿದೆ. ಮಂಜು ಎಷ್ಟಿತ್ತೆಂದರೆ ಎದುರಿನ ಲಾರಿಯ ಲೈಟು ಮೊದಲು, ಲಾರಿ ಆಮೇಲೆ. ತೋಟದ ಮನೆ ಜಗಲಿಯಲ್ಲಿ ತೂಗುಹಾಕಿದ್ದ ಥರ್ಮಾಮೀಟರ್ 15 ಡಿಗ್ರಿ ತೋರಿಸುತ್ತಿತ್ತು. ಪ್ರೊಜೆಕ್ಟರ್ ರಾತ್ರಿಯಿಡೀ ಜಗಲಿಯಲ್ಲೇ ಇತ್ತು. ಮುಚ್ಚಳ ತೆಗೆದು ಓಡಿಸಿದೆ. ಕಿರುಚಿತು. ಮೊದಲ ಸಲ ಅದು ಕಿರುಚಿದ್ದಕ್ಕೆ ಖುಷಿಯಾಯಿತು.

ಕಾರ್ ಮೆಕ್ಯಾನಿಕ್ಕುಗಳು ಕೂಗುವ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ಸದ್ದು ಏರುತ್ತದೋ ಇಳಿಯುತ್ತದೋ ನೋಡುತ್ತಾರೆ. ಕರೆಂಟಿನ ಮಿಷನ್ನಿನಲ್ಲಿ ಆ ಆಟ ಬೇಡ. ನಾನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ, ತುದಿಯನ್ನು ಒಂದೊಂದೇ ಕಡೆ ಇಟ್ಟೆ. ತಿರುಗುವ ಭಾಗಕ್ಕಲ್ಲ, ಅದನ್ನು ಹಿಡಿದಿರುವ ಬ್ರ್ಯಾಕೆಟ್ಟಿಗೆ. ತೋಳಿನ ಬಟ್ಟೆ ಮಡಚಿಕೊಂಡಿರಬೇಕು. ಮೋಟಾರಿನ ಮೈ ಗುಂಯ್ ಅಂದಿತು, ಆರೋಗ್ಯವಾಗಿದೆ. ಮುಖ್ಯ ಶಾಫ್ಟಿನ ಬೇರಿಂಗ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಐಡ್ಲರ್ ಪುಲ್ಲಿಯ ಬ್ರ್ಯಾಕೆಟ್ಟಿಗೆ ಇಟ್ಟೆ. ತಲೆಬುರುಡೆಯೊಳಗೇ ಯಾರೋ ಸ್ಲೇಟಿನ ಮೇಲೆ ಉಗುರು ಎಳೆದ ಹಾಗಾಯಿತು.

ನಿಲ್ಲಿಸಿ ಬೆಲ್ಟ್ ಬಿಚ್ಚಿದೆ. ಐಡ್ಲರನ್ನು ಬೆರಳಿನಿಂದ ತಳ್ಳಿದರೆ ಎರಡು ಮೂರು ಸುತ್ತು ತಿರುಗಬೇಕು. ತಿರುಗಲೇ ಇಲ್ಲ. ತಳ್ಳಿದಷ್ಟೇ ಹೋಗಿ ನಿಂತಿತು. ಬೆಲ್ಟ್ ಓಡುತ್ತಿದೆ, ಪುಲ್ಲಿ ಅಲ್ಲಾಡುತ್ತಿಲ್ಲ, ಬೆಲ್ಟ್ ಅದರ ಮೇಲೆ ಉಜ್ಜಿಕೊಂಡು ಹೋಗುತ್ತಿದೆ. ಕೂಗುತ್ತಿದ್ದುದು ಬೆಲ್ಟೇ, ಕೂಗಿಸುತ್ತಿದ್ದುದು ಇದು.

ಸರ್ಕ್ಲಿಪ್ ತೆಗೆದು ಪುಲ್ಲಿಯನ್ನು ಶಾಫ್ಟಿನಿಂದ ಹೊರಗೆಳೆದೆ. ಬುಷ್ಷಿನ ಬಾಯಲ್ಲಿ ಬೆಳ್ಳಗೆ ಮೇಣದಂಥದ್ದು ಕೂತಿತ್ತು. ಹಳೇ ಗ್ರೀಸ್ ಅಂದುಕೊಂಡು ಉಗುರಲ್ಲಿ ತೆಗೆದು ಎರಡು ಬೆರಳ ಮಧ್ಯೆ ಉಜ್ಜಿದೆ. ಗ್ರೀಸ್ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಇದು ಮೆತ್ತಲಿಲ್ಲ. ಎರಡು ಉಜ್ಜಿಗೆ ನೀರಾಗಿ ಕರಗಿಹೋಯಿತು. ಮೂಗಿಗೆ ಹಿಡಿದೆ. ಹಳಸಲು ವಾಸನೆ, ಆದರೆ ಯಾವ ವಾಸನೆ ಅಂತ ಕೇಳಬೇಕೆ? ಸ್ಕೂಲಿಗೆ ಹೊರಟಾಗ ಅಮ್ಮ ತಲೆಗೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ನಮ್ಮ ಊರಿನ ಪ್ರತಿ ಬಚ್ಚಲಲ್ಲೂ ಬಾಟಲಿ ಬಿಸಿನೀರಿನಲ್ಲಿ ಅದ್ದಿಟ್ಟಿರುತ್ತೇವೆ. ಐಡ್ಲರಿನೊಳಗೂ ಅದೇ ಆಗುತ್ತಿತ್ತು. ರಾತ್ರಿ ಗಟ್ಟಿ, ಮಧ್ಯಾಹ್ನ ನೀರು. ನನ್ನ ಅಂಗಡಿಯಲ್ಲಿ ಯಾಕೆ ಕೂಗಲಿಲ್ಲ? ಓವನ್ ಪಕ್ಕದ ಶೆಲ್ಫಿನಲ್ಲಿಟ್ಟಿದ್ದೆನಲ್ಲ. ಅಜ್ಜ ಬಚ್ಚಲೊಲೆ ಹತ್ತಿರ ಇಟ್ಟಿದ್ದನ್ನೇ ನಾನೂ ಮಾಡಿದ್ದೆ, ಗೊತ್ತಿಲ್ಲದೆ. ಮೊದಲ ರಾತ್ರಿ ಓ-ರಿಂಗ್ ಹಾಕಿದಾಗಲೂ ಕಿರುಚಿತ್ತು, ಯಾಕೆಂದರೆ ಜೀಪಿನಿಂದ ಆಗಷ್ಟೇ ಇಳಿದಿತ್ತು. ಪಿಯು ಬೆಲ್ಟಿಗೆ ನಾನು ಕೊಟ್ಟ ಶಹಭಾಸ್‌ಗಿರಿ ಓವನ್ನಿಗೆ ಸೇರಬೇಕಿತ್ತು.

ನಾಚಿಕೆಯ ವಿಷಯ ಇದಲ್ಲ. ಈ ಬುಷ್ ಇದೆಯಲ್ಲ, ಸಿಂಟರ್ಡ್ ಕಂಚಿನದ್ದು, ಇದೇ ಜಾತಿಯ ಬುಷ್ ಟೇಬಲ್ ಫ್ಯಾನುಗಳಲ್ಲೂ ಇರುತ್ತದೆ. ವಾರಕ್ಕೆ ನಾಲ್ಕು ಬಿಚ್ಚುತ್ತೇನೆ. ಪ್ರೊಜೆಕ್ಟರ್ ಅನ್ನುವ ಹೆಸರಿಗೆ ಹೆದರಿ ಫ್ಯಾನಿನ ಬುದ್ಧಿಯನ್ನು ಮನೆಯಲ್ಲಿಟ್ಟು ಬಂದಿದ್ದೆ.

ಬುಷ್ಷಿಗೆ ಎಣ್ಣೆ ಕುಡಿಸುವುದು

ಸಿಂಟರ್ಡ್ ಬುಷ್ ಅಂದರೆ ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಮೇಲೆ ನುಣುಪಾಗಿ ಕಂಡರೂ ಒಳಗೆಲ್ಲ ಇಡ್ಲಿಯ ಹಾಗೆ ಸಣ್ಣ ಸಣ್ಣ ತೂತು. ಆ ತೂತುಗಳಲ್ಲಿ ಎಣ್ಣೆ ತುಂಬಿರುತ್ತದೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತಾಗ ಒಳಗೆ ಹೋಗುತ್ತದೆ. ಹೊರಗಿನಿಂದ ಎರಡು ಹನಿ ಬಿಟ್ಟರೆ ನಾಲ್ಕು ದಿನ ಸದ್ದು ನಿಲ್ಲಬಹುದು. ಹೊಟ್ಟೆ ತುಂಬುವುದಿಲ್ಲ.

ಮೊದಲು ಹಳೇದನ್ನು ತೆಗೆಯಬೇಕು. ಅಂಗಡಿಯ ಹೊರಗೆ, ಬೆಂಕಿಯಿಂದ ದೂರ, ಬುಷ್ಷನ್ನು ಪೆಟ್ರೋಲಿನಲ್ಲಿ ಮೂರು ಸಲ ನೆನೆಸಿ ತೆಗೆದೆ. ಪ್ರತಿ ಸಲ ಹೊಸ ಪೆಟ್ರೋಲ್. ಮೊದಲ ಸಲ ಹಳದಿ ಬಿಟ್ಟಿತು, ಮೂರನೇ ಸಲ ಏನೂ ಬಿಡಲಿಲ್ಲ. ಬಿಸಿಲಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿದೆ. ಪೆಟ್ರೋಲ್ ಚೂರೂ ಉಳಿಯಬಾರದು. ಆಮೇಲೆ ಸ್ಟೀಲ್ ಲೋಟದಲ್ಲಿ ಟರ್ಬೈನ್ ಎಣ್ಣೆ ಹಾಕಿ, ಬುಷ್ ಮುಳುಗಿಸಿ, ಲೋಟವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೆ. ಎಣ್ಣೆ ಬಿಸಿಯಾದ ಹಾಗೆ ಬುಷ್ಷಿನ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲು ಸಾಲಾಗಿ ಏಳತೊಡಗಿದವು. ತೂತಿನೊಳಗಿನ ಗಾಳಿ ಹೊರಬರುತ್ತಿದೆ. ಗುಳ್ಳೆ ನಿಲ್ಲುವ ತನಕ ಕಾಯಬೇಕು. ನಿಂತ ಮೇಲೆ ಹೊರಗೆ ತೆಗೆಯಬಾರದು, ಎಣ್ಣೆಯಲ್ಲೇ ತಣ್ಣಗಾಗಲು ಬಿಡಬೇಕು. ಒಳಗೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುವಾಗ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಕುಡಿಯುವುದು ಆಗಲೇ. ಹುಡುಗರು ಅವಸರಕ್ಕೆ ಬಿಸಿ ಬಿಸಿಯಾಗಿ ತೆಗೆದು ಹಾಕಿಬಿಡುತ್ತಾರೆ, ಆರು ತಿಂಗಳಿಗೆ ಅದೇ ಫ್ಯಾನ್ ವಾಪಸ್ ಬರುತ್ತದೆ.

ಶಾಫ್ಟಿನ ಮೇಲಿನ ಕಂದು ಪದರವನ್ನು ಮೆಟಲ್ ಪಾಲಿಶ್ ಹಾಕಿ ಒರೆಸಿದೆ. ಮರಳುಕಾಗದ ಹಾಕಲಿಲ್ಲ, ಶಾಫ್ಟ್ ಸಣ್ಣಗಾದರೆ ಪುಲ್ಲಿ ಅಲ್ಲಾಡುತ್ತದೆ. ಹೊರಗೆ ಒಸರಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ ಕೂರಿಸಿದೆ. ಬೆರಳಲ್ಲಿ ತಳ್ಳಿದರೆ ನಾಲ್ಕು ಸುತ್ತು ಹೋಯಿತು.

ಕೆಳಗಿನ ಸ್ಪ್ರಿಂಗ್ ಬೆಲ್ಟಿಗೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ. ಅದರ ಎರಡು ತುದಿ ಒಂದರೊಳಗೊಂದು ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವಂಥದ್ದು, ಅಲ್ಲಿ ಒಂದು ಎಳೆ ಹೊರಗೆ ಬಂದು ಪ್ಲಾಸ್ಟಿಕ್ ಕವರಿಗೆ ತಾಗುತ್ತಿತ್ತು. ಇನ್ನೊಂದು ಸುತ್ತು ತಿರುಗಿಸಿದೆ, ಸರಿಯಾಯಿತು. ರಿವೈಂಡ್ ಬೆಲ್ಟಿಗೆ ಉಳಿದ ಪಿಯು ತುಂಡೇ ಸಾಕಾಯಿತು.

ಈ ಸಲ ಅಂಗಡಿಯಲ್ಲಿ ಓಡಿಸಿ ನೋಡಿ ನಂಬಲಿಲ್ಲ. ಪ್ರೊಜೆಕ್ಟರನ್ನು ಮನೆಗೆ ಒಯ್ದು ರಾತ್ರಿ ಟೆರೇಸಿನ ಮೆಟ್ಟಿಲ ಹತ್ತಿರ ಇಟ್ಟೆ. ಪಕ್ಕದಲ್ಲಿ ಒಂದು ಬಟ್ಟಲು ಕೊಬ್ಬರಿ ಎಣ್ಣೆ. ಬೆಳಿಗ್ಗೆ ಆರಕ್ಕೆ ಬಟ್ಟಲು ಬೋರಲು ಹಾಕಿದರೆ ಒಂದು ಹನಿ ಬೀಳಲಿಲ್ಲ. ಸ್ವಿಚ್ ಒತ್ತಿದೆ. ಟರ್‍ರ್ ಅಷ್ಟೇ. ಫಿಲ್ಮ್ ಹಾಕಿದೆ. ಕೊಳಲಿನ ಒಂದು ಉದ್ದ ಸ್ವರ ಬರುವ ಜಾಗಕ್ಕೆ ಕಿವಿಗೊಟ್ಟೆ. ಬೆಲ್ಟ್ ಜಗ್ಗಿದರೆ ಮೊದಲು ಗೊತ್ತಾಗುವುದು ಉದ್ದ ಸ್ವರದಲ್ಲಿ, ಅದು ನಡುಗುತ್ತದೆ. ನಡುಗಲಿಲ್ಲ. ಹೆಂಡತಿ ಬಂದು, ಬೆಳಗಾಗೆದ್ದು ಇದೇನು ಗೊಬ್ಬರದ ಸಿನಿಮಾ ಅಂದಳು.

ಕೊಬ್ಬರಿ ಎಣ್ಣೆ ಬಿಟ್ಟವರು ಯಾರು ಅಂತ ಆಮೇಲೆ ತಿಳಿಯಿತು. ತೋಟದ ಲೆಕ್ಕ ಬರೆಯುತ್ತಿದ್ದ ಆಗಿನ ರೈಟರೇ ಪ್ರೊಜೆಕ್ಟರ್ ಓಡಿಸುತ್ತಿದ್ದರಂತೆ. ಒಮ್ಮೆ ಮಿಷನ್ ಎಣ್ಣೆ ಮುಗಿದು, ಶೋ ನಿಲ್ಲಬಾರದು ಅಂತ ಅಡುಗೆಮನೆಯಿಂದ ಕೇಳಿ ತಂದು ಬಿಟ್ಟರು. ಕೊಟ್ಟವರು ಅಜ್ಜಿಯೇ. ಮಾರನೇ ವಾರದಿಂದ ಕೂಗು ಶುರು. ಅಜ್ಜ ಒಲೆಯ ಉಪಾಯ ಕಂಡುಹಿಡಿದರು. ಸುಟ್ಟ ಮೋಟಾರಿಗಿಂತ ಅದು ಒಳ್ಳೆಯ ಉಪಾಯವೇ ಅನ್ನಿ.

ಫೆಬ್ರವರಿಯಲ್ಲಿ ಕಣದಲ್ಲಿ ಬಿಳಿ ಪಂಚೆ ಎರಡು ಸೇರಿಸಿ ಹೊಲಿದು ಪರದೆ ಕಟ್ಟಿದ್ದರು. ನನಗೂ ಕರೆ ಬಂದಿತ್ತು. ಏಳು ಗಂಟೆಗೆ ಹೋದರೆ ಜನ ಎಲ್ಲ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ, ಮೇಜಿನ ಮೇಲೆ ಪ್ರೊಜೆಕ್ಟರ್ ಇಲ್ಲ. ಎಲ್ಲಿ ಅಂತ ಕೇಳಿದೆ. ಸಾಹುಕಾರರು ಮುಖ ಸಣ್ಣ ಮಾಡಿಕೊಂಡು ಒಳಗೆ ಕೈ ತೋರಿಸಿದರು. ಬಚ್ಚಲೊಲೆ ಧಗಧಗ ಉರಿಯುತ್ತಿತ್ತು. ಅದರ ಪಕ್ಕದ ಮಣೆಯ ಮೇಲೆ ಹಸಿರು ಪೆಟ್ಟಿಗೆ, ಅದರ ಪಕ್ಕ ಅಜ್ಜಿ.

"ಇನ್ನು ಹತ್ತು ನಿಮಿಷ" ಅಂದರು ಅಜ್ಜಿ. "ಕಾಯಲಿ."